ನಾನು ಮುಚ್ಚಿದ ಗೇಟು

ಇವತ್ತಿಗೂ ನನ್ನ ಕಿವಿಯಲ್ಲಿರುವುದು ಆ ಬೆಳಗಿನ ಕುರಿಗಳ ಕೂಗು. ಕುರಿ ಕೂಗುವುದು ನನಗೆ ಹೊಸದಲ್ಲ, ನಾನು ಅರಸೀಕೆರೆ ಕಡೆಯವಳು. ತಾಯಿ ಕುರಿ ಮರಿಯನ್ನು ಕರೆಯುವ ದನಿ ಗೊತ್ತು, ಸಂಜೆ ಮಂದೆ ತಿರುಗಿ ಬರುವಾಗಿನ ಗದ್ದಲವೂ ಗೊತ್ತು. ಇದು ಎರಡೂ ಅಲ್ಲ. ನೂರಾರು ಗಂಟಲುಗಳು ಒಣಗಿ ಒಡೆದ ದನಿಯಲ್ಲಿ, ನಡುವೆ ಉಸಿರು ಬಿಡದೆ, ಒಟ್ಟಿಗೆ ಅರಚುತ್ತಿದ್ದವು. ಅದರ ಹಿಂದೆಯೇ ನಾಯಿಗಳ ಬೊಗಳಾಟ. ಆಮೇಲೆ ಗಂಡಸೊಬ್ಬರು ದೂರದಿಂದ ಜೋರಾಗಿ ಒಂದೇ ಒಂದು ಮಾತು ಕೂಗಿದರು. ಕಾನ್ವೆಂಟಿನಲ್ಲಿ ಓದಿದ ನಾನು ಆ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹಾಸಿಗೆಯಲ್ಲಿ ಎದ್ದು ಕೂತೆ. ಕಿಟಕಿಯಾಚೆ ಆಗಷ್ಟೇ ಬೆಳಕು ಹರಿಯುತ್ತಿತ್ತು. ಪಕ್ಕದ ಮಂಚದಲ್ಲಿದ್ದ ಮಗಳು ಕಣ್ಣು ತೆರೆಯದೆ, "ಮಲ್ಕೋ ಅಮ್ಮ, ಫಾರ್ಮ್ ಅಂದ್ಮೇಲೆ ಕುರಿ ಕೂಗುತ್ವೆ" ಅಂತ ಮಗ್ಗುಲು ಬದಲಿಸಿದಳು.

ನಾವು ಅಲ್ಲಿಗೆ ಬಂದು ಒಂದು ದಿನ ಆಗಿತ್ತು, ಅಷ್ಟೆ. ಮಗಳು ಡಾಕ್ಟರು. ಮೈಸೂರಿನಲ್ಲಿ ಓದಿದಳು, ನ್ಯೂಜಿಲ್ಯಾಂಡಿಗೆ ಬಂದು ಪರೀಕ್ಷೆಗಳನ್ನೆಲ್ಲ ಮತ್ತೆ ಮೊದಲಿಂದ ಬರೆದಳು, ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ ಒಂದು ಮನೆ ಮಾಡಿದಳು. ನನ್ನವರು ಹೋದಮೇಲೆ ನಾನೂ ಬಂದು ಅವಳ ಜೊತೆ ಸೇರಿಕೊಂಡೆ. ಆದರೆ ಅವಳದು ವರ್ಷಗಟ್ಟಲೆ ಬದಲಿ ಡಾಕ್ಟರ ಕೆಲಸ. ಯಾರೋ ರಜೆ ಹಾಕಿದರೆ ಅಲ್ಲಿ ಎರಡು ವಾರ, ಯಾರಿಗೋ ಮಗು ಆದರೆ ಇಲ್ಲಿ ಮೂರು ತಿಂಗಳು. "ಒಬ್ಬ ಪೇಶೆಂಟನ್ನ ಎರಡನೇ ಸಲ ನೋಡಿದ ನೆನಪೇ ಇಲ್ಲ ನಂಗೆ" ಅನ್ನುತ್ತಿದ್ದಳು. ಹೀಗಿರುವಾಗ ದಕ್ಷಿಣದ ಗುಡ್ಡಗಳ ನಡುವಿನ ಒಂದು ಸಣ್ಣ ಊರಿನಿಂದ ಕಾಗದ ಬಂತು. ಅವರ ಹಳೇ ಡಾಕ್ಟರು ರಿಟೈರ್ ಆಗಿ ಬಹಳ ಕಾಲವಾಗಿತ್ತು. ಆಸ್ಪತ್ರೆಯನ್ನು ಊರವರದೇ ಒಂದು ಕಮಿಟಿ ನಡೆಸುತ್ತಿತ್ತು. ಬಂದು ಒಂದು ವೀಕೆಂಡ್ ಇದ್ದು ಹೋಗಿ, ನೀವು ನಮ್ಮನ್ನು ನೋಡಿ, ನಾವು ನಿಮ್ಮನ್ನು ನೋಡುತ್ತೇವೆ, ಭಾನುವಾರ ಮಧ್ಯಾಹ್ನ ಕೂತು ಮಾತಾಡೋಣ, ಅಂತ. ಕಮಿಟಿಯ ಹಿರಿಯರು ಒಬ್ಬ ಕುರಿ ಫಾರ್ಮಿನ ಯಜಮಾನರು. ಉಳಿಯುವುದು ಅವರ ಮನೆಯಲ್ಲೇ. "ತಾಯಿಯವರನ್ನೂ ಕರೆದುಕೊಂಡು ಬನ್ನಿ" ಅಂತ ಅವರ ಹೆಂಡತಿ ಕೆಳಗೆ ಕೈಯಲ್ಲಿ ಬರೆದಿದ್ದರು.

ಇದೆಲ್ಲ ಥೇಟ್ ಹೆಣ್ಣು ನೋಡುವ ಶಾಸ್ತ್ರದ ಹಾಗೇ ಇದೆ ಅಂತ ನಾನು ಕಾರಿನಲ್ಲಿ ಅಂದೆ. ಮಗಳು ನಗಲಿಲ್ಲ. ನನಗೆ ಮನಸ್ಸಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು.

"ಉಪ್ಪಿಟ್ಟು ರವೆ ಸಿಗುತ್ತೇನೇ ಅಲ್ಲಿ?"

"ಹಾರ್ನ್‌ಬಿಯಿಂದ ಚೀಲಗಟ್ಟಲೆ ತಂದಿಟ್ಕೊಳ್ಳೋಣಮ್ಮ."

"ಮಾತಾಡೋಕೆ ಜನಾನೂ ಚೀಲದಲ್ಲೇ ತರ್ತೀಯಾ?"

"ಅಮ್ಮ, ಪ್ಲೀಸ್. ಎರಡು ದಿನ. ಅಲ್ಲಿ ಹೋಗಿ ಇದು ಬೇಡ ಅದು ಬೇಡ ಅನ್ಬೇಡ. ಈ ಕೆಲಸ ನಂಗೆ ಬೇಕು. ನಿಜವಾಗ್ಲೂ ಬೇಕು."

ಅವಳು ಚಿಕ್ಕವಳಾಗಿದ್ದಾಗಲೂ ಇದು ಬೇಕು ಅಂತ ಕೇಳಿದವಳಲ್ಲ. ನಾನು ಬಾಯಿ ಮುಚ್ಚಿಕೊಂಡೆ. ಆದರೂ ಹಾರ್ನ್‌ಬಿಯ ನನ್ನ ಪುಟ್ಟ ಸಂಸಾರ ಕಣ್ಣ ಮುಂದೆ ಬಂತು. ನಡೆದು ಹೋಗುವಷ್ಟು ದೂರದಲ್ಲಿ ಇಂಡಿಯನ್ ಅಂಗಡಿ. ವಾರಕ್ಕೊಮ್ಮೆ ಆಂಟಿ, ಆಂಟಿ ಅಂತ ಬಂದು ಸಾರು ಅನ್ನ ಉಂಡು ಹೋಗುವ ಇಬ್ಬರು ನರ್ಸ್ ಹುಡುಗಿಯರು, ಒಬ್ಬಳು ಹುಬ್ಬಳ್ಳಿ, ಒಬ್ಬಳು ಮಂಗಳೂರು. ಅವರಿಬ್ಬರ ಕನ್ನಡ ಒಂದಕ್ಕೊಂದು ಸೇರದೆ ನಾನೇ ನಡುವೆ ಪಂಚಾಯ್ತಿ ಮಾಡಬೇಕು. ಎಪ್ಪತ್ತು ದಾಟಿದವಳಿಗೆ ಇದಕ್ಕಿಂತ ಇನ್ನೇನು ಬೇಕು ಅಂತ ನನ್ನ ಲೆಕ್ಕ.

ಊರಿಗೆ ಒಂದೇ ದೊಡ್ಡ ಬೀದಿ. ಬೀದಿಯ ಒಂದು ಬದಿಗೆ ಅಂಗಡಿ, ಪಬ್ಬು, ಇಗರ್ಜಿ. ಇನ್ನೊಂದು ಬದಿ ಪೂರ್ತಿ ರೈಲ್ವೆ ಸ್ಟೇಷನ್ನಿನದು. ರೈಲಿಲ್ಲದ ಸ್ಟೇಷನ್. ಉದ್ದನೆಯ ಮರದ ಪ್ಲ್ಯಾಟ್‌ಫಾರಂ, ಕುರಿಗಳನ್ನು ವ್ಯಾಗನ್ನಿಗೆ ಹತ್ತಿಸುತ್ತಿದ್ದ ಇಳಿಜಾರು ಕಟ್ಟೆ, ಉಣ್ಣೆಯ ಮೂಟೆಗಳ ಗೋದಾಮು. ಎಲ್ಲಕ್ಕೂ ಹೊಸದಾಗಿ ಬಣ್ಣ ಹೊಡೆದು ಮ್ಯೂಸಿಯಂ ಮಾಡಿದ್ದರು. ಒಂದು ಕಾಲಕ್ಕೆ ಸುತ್ತಿನ ಫಾರ್ಮುಗಳ ಕುರಿ, ಉಣ್ಣೆ ಎಲ್ಲ ಇಲ್ಲಿಂದಲೇ ಬಂದರಿಗೆ ಹೋಗುತ್ತಿದ್ದವಂತೆ. ಈಗ ಊರಿನ ಮುದುಕರು ಸೇರಿ ತಿಂಗಳಿಗೊಂದು ಭಾನುವಾರ ಹಳೇ ಎಂಜಿನ್ನಿಗೆ ಎರಡು ಡಬ್ಬಿ ಕಟ್ಟಿ ಓಡಿಸುತ್ತಾರೆ.

ನಾನು ಕಾರಿನಿಂದಿಳಿದು ನೆಟ್ಟಗೆ ಪ್ಲ್ಯಾಟ್‌ಫಾರಂ ಅಂಚಿಗೆ ಹೋಗಿ ಹಳಿ ನೋಡಿದೆ. ನಮ್ಮ ಆಗಿನ ಮೀಟರ್ ಗೇಜಿಗಿಂತ ಒಂದು ಚೂರು ಅಗಲ. ಹಳಿಯ ತಲೆ ಮಂಕಾಗಿ ಹೊಳೆಯುತ್ತಿತ್ತು. ಹಳಿ ಹೊಳೆಯುತ್ತಿದ್ದರೆ ಗಾಡಿ ಓಡುತ್ತಿದೆ, ತುಕ್ಕು ಹಿಡಿದಿದ್ದರೆ ಇಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ನಮ್ಮಪ್ಪ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿದ್ದರು. ಅರಸೀಕೆರೆ ಬೀರೂರಿನ ಮಧ್ಯೆ, ಎಕ್ಸ್‌ಪ್ರೆಸ್ ನಿಲ್ಲದ ಒಂದು ಸ್ಟೇಷನ್ನಿನಲ್ಲಿ ನಮ್ಮ ಕ್ವಾರ್ಟರ್ಸು. ರೈಲ್ವೆ ಪಾಸ್ ಇದ್ದದ್ದರಿಂದಲೇ ನಾನು ಕಾನ್ವೆಂಟು ಕಂಡದ್ದು.

"ಶಿ ನೋಸ್ ಹರ್ ರೈಲ್ಸ್" ಅಂತ ಹಿಂದಿನಿಂದ ಯಾರೋ ಅಂದರು. ಅವರೇ ಯಜಮಾನರು. ನನ್ನ ವಯಸ್ಸಿನವರು, ಎತ್ತರದ ಆಳು, ಕಿವಿ ಎರಡೂ ಬಿಸಿಲಿಗೆ ಕೆಂಪಾಗಿದ್ದವು.

"ಗುಡ್ ಆಫ್ಟರ್‌ನೂನ್, ಸರ್. ಹೌ ಡು ಯು ಡು?" ಅಂದೆ. ಸಿಸ್ಟರ್‌ಗಳು ತಿದ್ದಿ ತೀಡಿದ ಇಂಗ್ಲಿಷು.

"ಇಲ್ಲಿ ಯಾರೂ ಸರ್ ಇಲ್ಲಮ್ಮ, ಇರೋದೆಲ್ಲ ಕುರಿಗಳೇ" ಅಂದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ರಾಣಿಯವರು ಬಂದಿದ್ದಾರೆ ಕಣೇ, ಒಳ್ಳೇ ಕಪ್ ಸಾಸರ್ ತೆಗಿ" ಅಂದರು. ಆಕೆ ಅವರ ತೋಳಿಗೆ ಒಂದು ಏಟು ಕೊಟ್ಟು ನನ್ನ ಕೈ ಹಿಡಿದುಕೊಂಡರು. ಕೈ ಒರಟು, ಬೆಚ್ಚಗಿತ್ತು. ಬೇಡ ಬೇಡ ಅಂದುಕೊಂಡೇ ಬಂದಿದ್ದ ನನಗೆ ಅಷ್ಟಕ್ಕೇ ಸ್ವಲ್ಪ ಇರಿಸುಮುರಿಸಾಯಿತು.

ಫಾರ್ಮು ಊರಿನಿಂದ ಐದು ನಿಮಿಷ. ಜನವರಿಯ ಬಿಸಿಲು, ಜೊತೆಗೆ ಬೆಟ್ಟದ ಕಡೆಯಿಂದ ಬೀಸುವ ಒಣ ಗಾಳಿ. ಗುಡ್ಡಗಳೆಲ್ಲ ಕಡಲೆಹಿಟ್ಟಿನ ಬಣ್ಣ. ಊಟವಾದ ಮೇಲೆ ಮಗಳನ್ನು ಆಸ್ಪತ್ರೆ ತೋರಿಸಲು ಕರೆದುಕೊಂಡು ಹೋದರು. ಮನೆಯೊಡತಿ ಅಡುಗೆಮನೆಯಲ್ಲಿ ಭಾನುವಾರದ ಚಹಾಕ್ಕೆ ಕೇಕು ಮಾಡುತ್ತಿದ್ದರು. ಕೈ ಹಚ್ಚಲು ಹೋದರೆ, "ನೀವು ಗೆಸ್ಟ್, ಸುಮ್ಮನೆ ಒಂದು ವಾಕ್ ಹೋಗಿ ಬನ್ನಿ" ಅಂತ ತಮ್ಮ ಹಳೇ ಗಂಬೂಟು ಕೊಟ್ಟರು. ನಾನು ಸೀರೆಯನ್ನು ಮೊಳಕಾಲಿಗೆ ಎತ್ತಿ ಕಟ್ಟಿ, ಕಾಲಿಗೆ ಗಂಬೂಟು, ತಲೆಗೆ ಅವರ ಹ್ಯಾಟು ಹಾಕಿಕೊಂಡು ಹೊರಟೆ. ನಮ್ಮ ಮದರ್ ಸುಪೀರಿಯರ್ ನೋಡಿದ್ದರೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದರು.

ಮನೆಯ ಹಿಂದಿನ ದಾರಿ ಹತ್ತು ನಿಮಿಷ ನಡೆದರೆ ಒಂದು ಬೇಲಿ. ಬೇಲಿಯ ಆಚೆ ಗುಡ್ಡದ ಇಳಿಜಾರು. ಮೇಲೆ ಪೈನ್ ಮರಗಳ ನೆರಳಿನಲ್ಲಿ ನೂರಾರು ಕುರಿ ಮಲಗಿದ್ದವು. ಬೇಲಿಯ ಈಚೆ ಸಮತಟ್ಟು ನೆಲ. ನಡುವೆ ಕಬ್ಬಿಣದ ದೊಡ್ಡ ಗೇಟು, ಹಾರುಹೊಡೆದಿತ್ತು. ತಾನಾಗಿ ತೆರೆದುಕೊಂಡದ್ದಲ್ಲ. ಯಾರೋ ಅದನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಸರಪಣಿ ಸುತ್ತಿ ಬೇಲಿಗೆ ಬಿಗಿದಿದ್ದರು. ಅದೂ ಕಣ್ಣಿಗೆ ಬಿತ್ತು. ಆದರೆ ಅದಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು, ಗೇಟಿನಿಂದ ಐವತ್ತು ಹೆಜ್ಜೆ ಈಚೆಗೆ ಹುಲ್ಲಿನಲ್ಲಿ ಮಲಗಿದ್ದ ಎರಡು ಹಳಿ, ಅವುಗಳ ಪಕ್ಕ ಮರದ ಕಂಬಗಳ ಮೇಲೆ ನಿಂತ ಎಂಜಿನ್ನಿಗೆ ನೀರು ತುಂಬುವ ಟ್ಯಾಂಕು. ಟ್ಯಾಂಕಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನೀರಿದೆ ಅಂದಮೇಲೆ ಎಂಜಿನ್ ಬರುತ್ತದೆ. ನಾಳೆ ಭಾನುವಾರ.

ಇಲ್ಲಿ ನಮ್ಮಪ್ಪನ ವಿಷಯ ಸ್ವಲ್ಪ ಹೇಳಬೇಕು. ಅಪ್ಪ ಮನೆಯಲ್ಲಿ ದನಿ ಎತ್ತಿದವರಲ್ಲ. ಉಪ್ಪು ಕಮ್ಮಿಯಾದರೂ ಸುಮ್ಮನೆ ಉಣ್ಣುವವರು. ಆದರೆ ಗೇಟು ತೆರೆದಿದ್ದರೆ ಮಾತ್ರ ಕೈಯಲ್ಲಿದ್ದ ತುತ್ತು ತಟ್ಟೆಗೆ ಹಾಕಿ ಎದ್ದುಬಿಡುತ್ತಿದ್ದರು. ನಮ್ಮ ಕ್ವಾರ್ಟರ್ಸಿನ ಎದುರೇ ಲೆವೆಲ್ ಕ್ರಾಸಿಂಗ್. ಗೇಟು ಬಿದ್ದಿದೆ ಅಂತ ಖಾತ್ರಿಯಾಗದೆ ಅವರು ಗಾಡಿಗೆ ಲೈನ್ ಕ್ಲಿಯರ್, ಅಂದರೆ ಮುಂದೆ ಬರಲು ಒಪ್ಪಿಗೆ, ಕೊಡುವ ಹಾಗಿರಲಿಲ್ಲ. ನಾನು ಏಳೋ ಎಂಟೋ ವರ್ಷದವಳಿದ್ದಾಗ ಒಂದು ಸಂಜೆ, ಪಕ್ಕದ ಹೊಲದ ಸಣ್ಣ ಗೇಟೊಂದು ತೆರೆದು ಉಳಿದು, ಒಬ್ಬ ಕುರಿಯವನ ಮಂದೆ ಹಳಿಯ ಮೇಲೆ ನುಗ್ಗಿತು. ಪ್ಯಾಸೆಂಜರ್ ಗಾಡಿ ಬಂತು. ನಾನು ಜಗುಲಿಯಿಂದ ನೋಡಿದೆ. ಆ ಮನುಷ್ಯ ಕಂಬಳಿ ಬಿಸಾಕಿ ಹಳಿಯ ಮೇಲೆ ಕೂತುಬಿಟ್ಟಿದ್ದ. ಅಪ್ಪ ಯೂನಿಫಾರಂನಲ್ಲೇ ಹೋಗಿ ಅವನ ಪಕ್ಕ ಕೂತರು, ಕತ್ತಲಾಗುವವರೆಗೆ. ಅದು ರೈಲ್ವೆಯ ಗೇಟಲ್ಲ, ಅಪ್ಪನ ತಪ್ಪೂ ಅಲ್ಲ. ಆದರೂ ಅವತ್ತಿನಿಂದ ನಮ್ಮ ಮನೆಯಲ್ಲಿ ಒಂದೇ ನಿಯಮ: ಯಾರದೇ ಗೇಟಾಗಲಿ, ತೆರೆದದ್ದು ಕಂಡರೆ ಮುಚ್ಚು. ಅರವತ್ತು ವರ್ಷಕ್ಕೂ ಮೇಲೆ ಅದನ್ನು ಪಾಲಿಸಿದ್ದೇನೆ. ಬೆಂಗಳೂರಿನಲ್ಲಿ, ಹಾರ್ನ್‌ಬಿಯಲ್ಲಿ, ಪಕ್ಕದ ಮನೆಯವರದು, ಪಾರ್ಕಿನದು.

ಸರಪಣಿ ಬಿಚ್ಚಲು ನನಗೆ ಕಾಲು ಗಂಟೆ ಹಿಡಿಯಿತು. ಬೆರಳು ತರಚಿತು. ಗೇಟು ಭಾರ, ಹುಲ್ಲಿಗೆ ಸಿಕ್ಕಿಕೊಂಡಿತ್ತು, ಸೊಂಟ ಕೊಟ್ಟು ತಳ್ಳಿದೆ. ಕೊಂಡಿ ಕಂಬದ ಮೊಳೆಗೆ ಬಿದ್ದಾಗ ಎಂಥಾ ಸಮಾಧಾನ! ಅಷ್ಟು ಕುರಿಗಳ ಪ್ರಾಣ ಉಳಿಸಿದೆ ಅಂತ ಮನಸ್ಸಿನಲ್ಲೇ ಅಪ್ಪನಿಗೆ ವರದಿ ಒಪ್ಪಿಸಿ ಹಿಂದಕ್ಕೆ ಬಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮಾಡಿದ ಒಳ್ಳೆಯದನ್ನು ಹೇಳಿಕೊಳ್ಳಬಾರದು ಅಂತ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕಲಿತಿದ್ದೆನಲ್ಲ.

ಅವತ್ತು ಊಟಕ್ಕೆ ಕೂತಾಗ ಮಗಳ ಮುಖ ಬೆಳಗುತ್ತಿತ್ತು. ಆಸ್ಪತ್ರೆ ಅಂದರೆ ಎರಡು ರೂಮು, ಒಬ್ಬ ನರ್ಸ್, ಕಿಟಕಿಯಾಚೆ ಗುಡ್ಡ. "ಎಲ್ಲರ ಫೈಲೂ ಒಂದೇ ಬೀರುವಿನಲ್ಲಿದೆ ಅಮ್ಮ. ಅಜ್ಜಿ, ಮಗಳು, ಮೊಮ್ಮಗಳು ಮೂರೂ ಪಕ್ಕಪಕ್ಕದಲ್ಲಿ" ಅಂತ ಮಲಗುವಾಗ ಹೇಳಿದಳು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ನಂಗೆ ಈ ಊರು ಬೇಡ ಅನ್ಸುತ್ತೆ ಕಣೇ" ಅಂದುಬಿಟ್ಟೆ. ಅವಳು ದೀಪ ಆರಿಸಿದಳು.

ಬೆಳಿಗ್ಗೆ ಆ ಕೂಗು.

ನಾವು ಎದ್ದು ಅಡುಗೆಮನೆಗೆ ಹೋಗುವಷ್ಟರಲ್ಲಿ ಕೂಗು ನಿಂತಿತ್ತು. ಯಜಮಾನರು ಹಿಂಬಾಗಿಲಿನಿಂದ ಒಳಗೆ ಬಂದರು. ಮುಖ ಸುಟ್ಟ ಇಟ್ಟಿಗೆ. ಕೈ ತೊಳೆದು, ಕುರ್ಚಿ ಎಳೆದು ಕೂತರು. ಹೆಂಡತಿ ಟೀ ಬಗ್ಗಿಸಿ ಮುಂದಿಟ್ಟರು. ಯಜಮಾನರು ಹೇಳಿದರು.

"ಯಾರೋ ಗುಡ್ಡದ ಗೇಟು ಮುಚ್ಚಿದ್ದಾರೆ. ಮೇಲಿನ ತೊರೆ ಬತ್ತಿ ಹದಿನೈದು ದಿನ ಆಯ್ತು. ನೀರಿಗೆ ಅವು ಕೆಳಗೆ ತೊಟ್ಟಿಗೆ ಬರಬೇಕು. ನಿನ್ನೆ ಸಂಜೆ ಬಿಸಿಲು ಇಳಿದ ಮೇಲೆ ಬಂದು ನೋಡಿದ್ದಾವೆ, ಗೇಟು ಬಂದ್. ಇಡೀ ರಾತ್ರಿ ಒಂದರ ಮೇಲೊಂದು ನೂಕಿಕೊಂಡು ನಿಂತಿದ್ದಾವೆ. ಗಾಳಿಯ ಸದ್ದಿಗೆ ನಮಗೆ ಕೇಳಲೇ ಇಲ್ಲ."

"ಸತ್ತಿದಾವಾ?" ಹೆಂಡತಿ ಕೇಳಿದರು.

"ಒಂದು. ಮುದಿ ಕುರಿ. ಕೆಳಗೆ ಸಿಕ್ಕಿ ತುಳಿತಕ್ಕೆ ಹೋಗಿದೆ. ಗೇಟು ತೆಗೆದ ಕೂಡಲೇ ನುಗ್ಗಿದ್ದರೆ ಇನ್ನೂ ಐವತ್ತು ಹೋಗುತ್ತಿದ್ದವು. ನಾಯಿಗಳು ಇದ್ದವು, ಬಚಾವ್." ಅವರು ಟೀ ಒಂದು ಗುಟುಕು ಕುಡಿದರು. "ಸೈಕಲ್ ಜನ, ಇನ್ಯಾರು. ಹಳೇ ಹಳಿ ಪಕ್ಕದ ದಾರೀಲಿ ಸಿಟಿಯಿಂದ ಸೈಕಲ್ ತುಳ್ಕೊಂಡು ಬರ್ತಾರಲ್ಲ. ಇವತ್ತೇ ಕಮಿಟೀಲಿ ಹೇಳ್ತೀನಿ, ನನ್ನ ಜಾಗದಲ್ಲಿ ಇನ್ನು ದಾರಿ ಇಲ್ಲ ಅಂತ."

ನನ್ನ ಕೈಯಲ್ಲಿ ಟೋಸ್ಟ್ ಇತ್ತು, ಅದರ ಮೇಲೆ ಅವರ ಮನೆಯ ಏಪ್ರಿಕಾಟ್ ಜ್ಯಾಮು. ಎಂಜಿನ್ನಿನ ಟ್ಯಾಂಕಿನಿಂದ ತೊಟ್ಟಿಕ್ಕುತ್ತಿದ್ದ ನೀರು ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ಆಗ ಹೊಳೆಯಿತು. ಮಗಳ ಕಡೆ ನೋಡಿದೆ. ಅವಳು ಅಯ್ಯೋ ಪಾಪ ಅನ್ನುವ ಮುಖ ಮಾಡಿ ಅವರನ್ನೇ ನೋಡುತ್ತಿದ್ದಳು. ಮಧ್ಯಾಹ್ನ ಅವಳು ಅದೇ ಮನುಷ್ಯನ ಎದುರು ಕೂರಬೇಕು, ಅವರು ಹೂಂ ಅನ್ನಬೇಕು. ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೆಸರಿಲ್ಲದ ಯಾರೋ ಸೈಕಲ್ಲಿನವರು ಬೈಸಿಕೊಳ್ಳುತ್ತಾರೆ, ಅಷ್ಟೇ. ಹೇಳಿದರೆ ಅವಳ ಕೆಲಸ ಹೋಗಬಹುದು. ಅದಕ್ಕಿಂತ ಭಯ ಇನ್ನೊಂದಿತ್ತು. ರಾತ್ರಿಯಷ್ಟೇ ಈ ಊರು ಬೇಡ ಅಂದಿದ್ದೆ. ಅವಳು ಏನಂದುಕೊಳ್ಳುತ್ತಾಳೆ?

ಧೈರ್ಯ ಅಂತ ಹೇಳಿಕೊಳ್ಳಲಾರೆ. ಟೋಸ್ಟ್ ಗಂಟಲಲ್ಲಿ ಇಳಿಯಲಿಲ್ಲ, ಅದೇ ಕಾರಣ.

"ಸರ್, ಸೈಕಲ್ಲಿನವರಲ್ಲ. ಗೇಟು ಮುಚ್ಚಿದ್ದು ನಾನು."

ಮಗಳು ಕಪ್ಪು ಕೆಳಗಿಟ್ಟಳು. ಕನ್ನಡದಲ್ಲಿ, ಸಣ್ಣ ದನಿಯಲ್ಲಿ ಕೇಳಿದಳು. "ಅಮ್ಮ... ಬೇಕಂತ ಮಾಡಿದ್ಯಾ?"

ನನ್ನ ಜೀವಮಾನದಲ್ಲಿ ಯಾರೂ ನನ್ನನ್ನು ಅಷ್ಟು ನೋಯಿಸಿಲ್ಲ, ಅಷ್ಟು ನ್ಯಾಯವಾಗಿಯೂ ಕೇಳಿಲ್ಲ.

"ಇಲ್ಲ ಕಣೇ. ತಾತನ ಆಣೆ. ಹಳಿ ಇತ್ತು, ಕುರಿ ಇತ್ತು, ಗೇಟು ತೆಗೆದಿತ್ತು."

ಅವಳಿಗೆ ಅಷ್ಟು ಸಾಕಾಯಿತು. ತಾತನ ಕಥೆ ಕೇಳಿಕೊಂಡೇ ಬೆಳೆದವಳು. ಕಣ್ಣು ಮುಚ್ಚಿಕೊಂಡು, ಹಣೆಗೆ ಕೈ ಒತ್ತಿಕೊಂಡಳು. ಎದುರಿನ ಇಬ್ಬರೂ ನಮ್ಮ ಮಾತು ಅರ್ಥವಾಗದೆ ಮುಖ ಮುಖ ನೋಡಿಕೊಳ್ಳುತ್ತಿದ್ದರು. ನಾನು ಇಂಗ್ಲಿಷಿನಲ್ಲಿ ಮೊದಲಿಂದ ಹೇಳಿದೆ. ಅಪ್ಪ, ಲೆವೆಲ್ ಕ್ರಾಸಿಂಗ್, ಕಂಬಳಿ ಬಿಸಾಕಿ ಕೂತ ಮನುಷ್ಯ, ಟ್ಯಾಂಕಿನ ನೀರು, ನಾಳೆ ಭಾನುವಾರ ಅಂದುಕೊಂಡದ್ದು. ವ್ಯಾಕರಣ ಒಂದೂ ತಪ್ಪಲಿಲ್ಲ, ಅದು ನೆನಪಿದೆ. ದನಿ ಮಾತ್ರ ನನ್ನದಾಗಿರಲಿಲ್ಲ.

ಯಜಮಾನರು ಟೀ ಮುಗಿಸಿದರು. ಎದ್ದು ಹ್ಯಾಟು ತಗೊಂಡರು. "ಬನ್ನಿ ನನ್ನ ಜೊತೆ" ಅಂದರು.

ಅವರ ಪಿಕಪ್ ಗಾಡಿಯ ಮುಂದಿನ ಸೀಟಿನಲ್ಲಿ ನಾನು, ಹಿಂದಿನ ತೆರೆದ ಡಬ್ಬಿಯಲ್ಲಿ ಮೂರು ನಾಯಿ. ಗೇಟಿನ ಹತ್ತಿರ ನಿಲ್ಲಿಸಿದರು. ಈಗ ಅದು ಮತ್ತೆ ಹಾರುಹೊಡೆದಿತ್ತು. ಕುರಿಗಳು ತೊಟ್ಟಿಯ ಸುತ್ತ ಕಿಕ್ಕಿರಿದು ಕುಡಿಯುತ್ತಿದ್ದವು. ಟ್ಯಾಂಕಿನಿಂದ ಒಂದು ಕೊಳವೆ ತೊಟ್ಟಿಗೆ ಇಳಿದಿತ್ತು. ಎತ್ತರದ ಮುಳ್ಳುಗಿಡಗಳ ಹಿಂದೆ ನಿನ್ನೆ ನನಗೆ ತೊಟ್ಟಿ ಕಂಡಿರಲಿಲ್ಲ. ಸತ್ತ ಕುರಿಯ ಮೇಲೆ ಒಂದು ಗೋಣಿ ಹೊದಿಸಿದ್ದರು. ನಾನು ಹತ್ತಿರ ಹೋಗಿ ನಿಂತೆ. ಏನು ಮಾಡಬೇಕೆಂದು ತೋಚದೆ ಕೈ ಮುಗಿದೆ.

"ನಾವು ನಡೆಯಲು ಕಲಿಯುವ ಮೊದಲೇ ಕಲಿಯೋ ಪಾಠ ಒಂದಿದೆ" ಅಂದರು ಅವರು. "ಗೇಟು ಹೇಗೆ ಕಂಡಿತೋ ಹಾಗೇ ಬಿಡಬೇಕು. ತೆರೆದಿದ್ದರೆ ತೆರೆದೇ, ಮುಚ್ಚಿದ್ದರೆ ಮುಚ್ಚಿಯೇ. ಯಾಕೆ ಅಂತ ಗೊತ್ತಿರುವವನು ಒಬ್ಬ ಇದ್ದೇ ಇರ್ತಾನೆ."

"ಯೆಸ್, ಸರ್."

"ಈ ಹಳಿ ನೋಡಿ." ಬೂಟಿನ ತುದಿಯಿಂದ ಹುಲ್ಲು ಸರಿಸಿದರು. ಹಳಿ ಕಂದುಬಣ್ಣವಾಗಿ, ಪದರ ಪದರವಾಗಿ ತುಕ್ಕು ಹಿಡಿದಿತ್ತು. ನನಗೆ ಎಂಥಾ ನಾಚಿಕೆಯಾಯಿತೆಂದರೆ! ಸ್ಟೇಷನ್ನಿನಲ್ಲಿ ಅಷ್ಟು ಜಾಣೆಯ ಹಾಗೆ ಹಳಿಯ ಹೊಳಪು ನೋಡಿದವಳು ಇಲ್ಲಿ ಬಗ್ಗಿ ನೋಡಿರಲಿಲ್ಲ. "ನಮ್ಮ ಆಟಿಕೆ ರೈಲು ಊರಾಚೆಯ ಸೇತುವೆಗೇ ನಿಂತುಬಿಡುತ್ತೆ. ಇಲ್ಲಿ ಕೊನೇ ಗಾಡಿ ಹೋದಾಗ ನನಗೆ ಮೀಸೆ ಬರ್ತಾ ಇತ್ತು. ನಮ್ಮಪ್ಪನ ಕುರಿಗಳೇ ಅದರಲ್ಲಿದ್ದವು. ಅಪ್ಪ ಇಲ್ಲೇ ನಿಂತು ಹ್ಯಾಟು ತೆಗೆದರು. ರೈಲಿಗೆ ಯಾರಾದರೂ ಹ್ಯಾಟು ತೆಗೀತಾರಾ? ನಾನು ನಕ್ಕೆ. ಕಪಾಳಕ್ಕೆ ಒಂದು ಬಿತ್ತು."

ಅವರು ಅದನ್ನು ಹೇಳಿದ ರೀತಿಗೆ ನನಗೆ ನಗು ಬಂತು, ನಗುವ ಹೊತ್ತಲ್ಲ ಅಂತ ತಡೆದೆ. ಆಮೇಲೆ ಅವರು ಕೇಳಿದರು: "ಆ ಕುರಿಯವನು, ನಿಮ್ಮೂರಿನವನು, ಅವನಿಗೆ ಆಮೇಲೆ ಏನಾಯ್ತು?"

ಇಷ್ಟು ವರ್ಷ ಈ ಕಥೆಯನ್ನು ಎಷ್ಟು ಜನಕ್ಕೆ ಹೇಳಿದ್ದೇನೋ. ಎಲ್ಲರೂ ಅಪ್ಪನ ಬಗ್ಗೆ ಕೇಳಿದ್ದಾರೆ. ಕುರಿಯವನ ಬಗ್ಗೆ ಕೇಳಿದ್ದು ಇವರೊಬ್ಬರೇ. "ಗೊತ್ತಿಲ್ಲ ಸರ್. ನಾನು ಯಾವತ್ತೂ ಕೇಳಲಿಲ್ಲ" ಅಂದೆ. ಅವರು ತಲೆಯಾಡಿಸಿದರು. ಬೈಯಲಿಲ್ಲ, ಪರವಾಗಿಲ್ಲ ಅಂತಲೂ ಅನ್ನಲಿಲ್ಲ.

ಸಭೆ ಮಧ್ಯಾಹ್ನ ಸ್ಟೇಷನ್ನಿನಲ್ಲೇ, ಹಳೇ ವೇಯ್ಟಿಂಗ್ ರೂಮಿನಲ್ಲಿ. ನಾನೂ ಮನೆಯೊಡತಿಯೂ ಹೊರಗೆ ಪ್ಲ್ಯಾಟ್‌ಫಾರಂ ಬೆಂಚಿನ ಮೇಲೆ ಕೂತೆವು. ನಾನು ಬೆಳಿಗ್ಗೆ ಅವರ ಅಡುಗೆಮನೆಯಲ್ಲಿ ಹಠ ಹಿಡಿದು ಚಿತ್ರಾನ್ನ ಮಾಡಿದ್ದೆ. ಕೈಗೆ ಏನಾದರೂ ಕೆಲಸ ಬೇಕಾಗಿತ್ತು. ಅವರು ಅದನ್ನು ಫೋರ್ಕಿನಲ್ಲಿ ತಿನ್ನುತ್ತಾ, "ಈ ಕಡಲೆಬೀಜ ಇನ್ನೂ ಸ್ವಲ್ಪ ಬೇಕಿತ್ತು" ಅಂದರು. ಇಷ್ಟು ಸಲಿಗೆಯ ದೂರು ಕೇಳಿ ಎಷ್ಟು ಕಾಲವಾಗಿತ್ತು ನನಗೆ.

"ಅವರಿಗೆ ಬಹಳ ಕೋಪ ಬಂದಿದೆಯಾ?" ಕೇಳಿದೆ.

"ಬಂದಿದೆ. ಅವರಿಗೆ ಕೋಪ ಬಂದರೆ ಹೇಳೋದಿಲ್ಲ, ಬೇಲಿ ರಿಪೇರಿ ಮಾಡ್ತಾರೆ. ಇವತ್ತು ಬೆಳಿಗ್ಗೆಯಿಂದ ಮೂರು ಕಂಬ ನೆಟ್ಟಿದ್ದಾರೆ."

ಒಳಗೆ ಯಾರೋ ಮಾತಾಡುವುದು ಕೇಳುತ್ತಿತ್ತು, ಪದ ತಿಳಿಯುತ್ತಿರಲಿಲ್ಲ. ಒಮ್ಮೆ ಎಲ್ಲರೂ ಗೊಳ್ಳೆಂದು ನಕ್ಕರು. ಕೈಚೀಲದಲ್ಲಿದ್ದ ಜಪಮಣಿ ತೆಗೆದೆ. ನಾನು ಕ್ರೈಸ್ತಳಲ್ಲ. ಆದರೆ ಪರೀಕ್ಷೆಯ ದಿನ ಸಿಸ್ಟರ್ ಕೊಟ್ಟದ್ದು, ಪರೀಕ್ಷೆಗಳಿಗೆ ಅದೇ ಅಭ್ಯಾಸ. ಹಿಂದೆ ಈ ಬೆಂಚಿನ ಮೇಲೆ ಯಾರು ಯಾರು ಕೂತು ಯಾರಿಗಾಗಿ ಕಾದರೋ ಅಂತ ಯೋಚಿಸುತ್ತಾ ಮಣಿ ತಿರುಗಿಸಿದೆ.

ಮಗಳು ಹೊರಬಂದಾಗ ಅವಳ ಮುಖದಿಂದ ಏನೂ ತಿಳಿಯಲಿಲ್ಲ. ನೇರ ನನ್ನ ಹತ್ತಿರ ಬಂದು ಕೂತಳು.

"ಕುರಿ ಕಥೆ ಎಲ್ಲರಿಗೂ ಹೇಳಿದ್ರು ಅಮ್ಮ. ನಾನು ನೆಲದೊಳಗೆ ಹೋಗೋದೊಂದು ಬಾಕಿ."

"ಅಯ್ಯೋ. ಏನಂದ್ರು?"

"ಡಾಕ್ಟರ ತಾಯಿ ನನ್ನ ಕುರಿ ಕೊಂದ್ರು, ಆದ್ರೆ ನಾನು ಟೀ ಮುಗಿಸೋಕೆ ಮುಂಚೆ ಬಂದು ಒಪ್ಕೊಂಡ್ರು. ನಿಮ್ಮಲ್ಲಿ ಎಷ್ಟು ಜನ ಹಾಗೆ ಒಪ್ಕೊಂಡಿದ್ದೀರಿ ಹೇಳಿ, ಅಂತ ಒಬ್ಬೊಬ್ಬರ ಹೆಸರು ಹಿಡಿದು ಕೇಳಿದ್ರು. ಅದಕ್ಕೇ ಆ ನಗು."

"ಆಮೇಲೆ?"

"ಆಮೇಲೆ ಒಬ್ಬಜ್ಜಿ ಮಂಡಿನೋವಿಗೆ ಏನು ಮಾಡ್ತೀರಿ ಅಂತ ಕೇಳಿದ್ರು. ಇನ್ನೊಬ್ಬರು ಯಾವಾಗ ಬರ್ತೀರಿ ಅಂದ್ರು." ಅವಳ ತುಟಿ ಅದುರಿತು. "ಮಾರ್ಚಿಗೆ ಅಂತ ಹೇಳಿದೆ. ನಿನ್ನ ಕೇಳದೇನೇ ಹೇಳ್ಬಿಟ್ಟೆ ಅಮ್ಮ."

ನಾನು ಅವಳ ಕೈಯನ್ನು ನನ್ನ ಮಡಿಲಿಗೆ ಎಳೆದುಕೊಂಡೆ. "ಈ ಊರಲ್ಲಿ ಕಡಲೆಬೀಜ ಸಿಗುತ್ತಾ ಕೇಳು" ಅಂದೆ. ಮನೆಯೊಡತಿಗೆ ಭಾಷೆ ತಿಳಿಯದಿದ್ದರೂ ನಮ್ಮಿಬ್ಬರಿಗೂ ಒಂದೊಂದು ಕಾಗದದ ಕರವಸ್ತ್ರ ಕೊಟ್ಟರು.

ಹಾಗೆ ನಾವು ಆ ಊರಿನವರಾದೆವು. ಕಷ್ಟವಿರಲಿಲ್ಲ ಅಂದರೆ ಸುಳ್ಳು. ಮೊದಲ ಚಳಿಗಾಲದಲ್ಲಿ ಎರಡು ಸಲ ಹಾರ್ನ್‌ಬಿಗೆ ಹೋಗಿ ಆ ನರ್ಸ್ ಹುಡುಗಿಯರ ಮನೆಯಲ್ಲಿ ಕೂತು ಅತ್ತು ಬಂದಿದ್ದೇನೆ. ಆದರೆ ನಮ್ಮ ಮನೆಯ ಮೆಟ್ಟಿಲ ಮೇಲೆ ಯಾರೋ ಇಟ್ಟು ಹೋದ ಸೌದೆ, ಮೊಟ್ಟೆ, ಒಂದು ಬುಟ್ಟಿ ಪ್ಲಮ್ ಹಣ್ಣು, ಇವನ್ನೂ ಮರೆಯಲಾರೆ. ಯಾರಿಟ್ಟರು ಅಂತ ಕೇಳಿದರೆ ಆ ಊರಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮ್ಯೂಸಿಯಮ್ಮಿನಲ್ಲಿ ನನಗೆ ಒಂದು ಕೆಲಸ ಕೊಟ್ಟರು. ಶಾಲೆಯ ಮಕ್ಕಳು ಬಂದಾಗ ಸಿಗ್ನಲ್ ಹೇಗೆ ಬೀಳುತ್ತದೆ, ಲೈನ್ ಕ್ಲಿಯರ್ ಅಂದರೆ ಏನು ಅಂತ ವಿವರಿಸುವುದು. ಅಪ್ಪನ ನೌಕರಿಯನ್ನು ಭೂಮಿಯ ಇನ್ನೊಂದು ತುದಿಯಲ್ಲಿ ನಾನು ಮಾಡುತ್ತಿದ್ದೇನೆ, ಅದೂ ರೈಲಿಲ್ಲದ ದಿನಗಳಲ್ಲಿ. ನನಗೆ ಈ ವಯಸ್ಸಿನಲ್ಲಿ ಇದೆಲ್ಲ ಸಿಗುತ್ತದೆ ಅಂತ ಯಾರು ಅಂದುಕೊಂಡಿದ್ದರು? ದೇವರಿಗೆ ಥ್ಯಾಂಕ್ಸ್ ಹೇಳುವಾಗ ಆ ಮುದಿ ಕುರಿಗೂ ಒಂದು ಹೇಳುತ್ತೇನೆ.

ಯಜಮಾನರು ಆ ವಿಷಯ ಮತ್ತೆ ಎತ್ತಲಿಲ್ಲ. ತಮಾಷೆಗೂ ಎತ್ತಲಿಲ್ಲ. ಮೂರು ವರ್ಷ ಆಸ್ಪತ್ರೆಯ ಕಮಿಟಿ ನಡೆಸಿದರು. ನಾಲ್ಕನೆಯ ವರ್ಷ ಹೃದಯ ಸೋಲತೊಡಗಿತು. ಕ್ರೈಸ್ಟ್‌ಚರ್ಚಿನ ದೊಡ್ಡ ಆಸ್ಪತ್ರೆಗೆ ಹೋಗಿ ಅಂತ ಮಗಳು ಹೇಳಿದರೆ ಹೋದರು, ಬಂದರು, "ಅಲ್ಲಿ ಪ್ರತಿ ದಿನ ಹೊಸ ಡಾಕ್ಟರು, ಪ್ರತಿಯೊಬ್ಬರಿಗೂ ಮೊದಲಿಂದ ನನ್ನ ಕಥೆ ಹೇಳಬೇಕು. ನನಗೆ ನೀನೇ ಸಾಕು" ಅಂದರು. ಅವತ್ತು ಮಗಳು ಮನೆಗೆ ಬಂದು ಬಹಳ ಹೊತ್ತು ಕಾರಿನಲ್ಲೇ ಕೂತಿದ್ದಳು.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಮೇ ತಿಂಗಳ ಒಂದು ಬೆಳಿಗ್ಗೆ. ಮಗಳಿಗೆ ಊಟದ ಡಬ್ಬಿ ಕೊಡಲು ಆಸ್ಪತ್ರೆಗೆ ಹೋಗಿದ್ದೆ. ಅವರು ಒಬ್ಬರೇ ಕೂತಿದ್ದರು. ಕೆಸರಾಗಬಾರದು ಅಂತ ಗಂಬೂಟು ಬಾಗಿಲಾಚೆ ಬಿಟ್ಟು ಬರಿಯ ಕಾಲುಚೀಲದಲ್ಲಿ. ಒಂದು ಬೂದು, ಒಂದು ನೀಲಿ. ನಾನು ಅದನ್ನೇ ನೋಡುತ್ತಿದ್ದೇನೆ ಅಂತ ಗೊತ್ತಾಗಿ, "ಮನೇಲಿ ಇಂಥದೇ ಇನ್ನೊಂದು ಜೊತೆ ಇದೆ" ಅಂದರು. ಮಾತಿನ ನಡುವೆ ಉಸಿರು ಎಳೆದುಕೊಳ್ಳಬೇಕಾಗಿತ್ತು. ಮಳೆ ಬಂತಾ, ಹುಲ್ಲು ಬಂತಾ ಅಂತ ನಾನೂ ಫಾರ್ಮಿನವಳ ಹಾಗೆ ವಿಚಾರಿಸಿದೆ. ಈ ಸಲ ಪರವಾಗಿಲ್ಲ ಅಂದರು.

ಮಗಳು ನರ್ಸನ್ನು ಕಳಿಸದೆ ತಾನೇ ಬಂದಳು. "ಬನ್ನಿ ಅಂಕಲ್" ಅಂದಳು, ಬನ್ನಿ ಅನ್ನುವ ಆ ಒಂದು ಕನ್ನಡ ಪದ ಅವರಿಗೆ ಬರುತ್ತಿತ್ತು. ಅವರು ಒಂದು ಸಲ ಏಳಲು ಹೋಗಿ ಮತ್ತೆ ಕೂತರು, ಎರಡನೇ ಸಲಕ್ಕೆ ನಿಂತರು. ನಾನು ಕೈ ಕೊಟ್ಟರೆ ಬೇಡ ಅಂದು, ಆಮೇಲೆ ಹಿಡಿದುಕೊಂಡರು. "ಲೇಟಾಗಿದೆ ಡಾಕ್ಟ್ರೇ, ಹತ್ತು ನಿಮಿಷ" ಅಂತ ಅವಳನ್ನು ಗದರಿಸಿದರು. "ಹೌದು, ತಪ್ಪು ನನ್ನದೇ" ಅಂದಳು ಅವಳು. ಇಬ್ಬರೂ ಆ ಸಣ್ಣ ಓಣಿಯಲ್ಲಿ ನಡೆದರು. ಅವಳ ನಡಿಗೆ ಯಾವಾಗಲೂ ಬಿರುಸು, ಚಿಕ್ಕಂದಿನಿಂದ ಬೈದರೂ ನಿಧಾನ ಮಾಡಿದವಳಲ್ಲ. ಅವತ್ತು ಅವರ ಮೊಣಕೈ ಕೆಳಗೆ ಕೈ ಇಟ್ಟು, ಅವರ ಕಾಲುಚೀಲ ನೆಲದಲ್ಲಿ ಜಾರದ ಹಾಗೆ, ಅವರು ಒಂದು ಹೆಜ್ಜೆ ಇಟ್ಟ ಮೇಲೆ ತಾನೊಂದು ಇಡುತ್ತಾ ಹೋದಳು.